ನೂರಕ್ಕೆ ಕಾಯಿನ್ ಬ್ಯಾಡ

ಮೂಕ ಕರೆಗಳು ಶುರುವಾದದ್ದು ಹರಿಹರವನ್ನು ನಮ್ಮ ಯಂತ್ರಕ್ಕೆ ಸೇರಿಸಿದ ಮರುದಿನದಿಂದ. ಪೊಲೀಸ್ ಕಂಟ್ರೋಲ್ ರೂಮಿನ ದಫೇದಾರರು ರಿಸೀವರ್ ಎತ್ತಿ "ಹಲೋ, ಕಂಟ್ರೋಲ್ ರೂಮ್" ಎನ್ನುತ್ತಿದ್ದರು. ಆ ಕಡೆಯಿಂದ ಏನೂ ಇಲ್ಲ. ಇನ್ನೊಮ್ಮೆ "ಹಲೋ" ಎನ್ನುತ್ತಿದ್ದರು. ಆಮೇಲೆ ಬೈದು ಇಡುತ್ತಿದ್ದರು.

"ಮೇಡಂ, ನಿಮ್ಮ ಮಿಷಿನ್ನಿಗೆ ಹರಿಹರದ ಗಾಳಿ ಹಿಡಿಸಿಲ್ಲ ನೋಡ್ರಿ," ಎಂದು ಮೊದಲ ದಿನ ನಕ್ಕರು. ವಾರ ಕಳೆಯುವಷ್ಟರಲ್ಲಿ ಆ ನಗು ಹೋಗಿತ್ತು.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಅದುವರೆಗೆ ಹರಿಹರದಲ್ಲಿ ಯಾರಾದರೂ 100 ಒತ್ತಿದರೆ ಹರಿಹರದ ಸ್ಟೇಷನ್ನಿನ ಮೇಜಿನ ಮೇಲಿನ ಒಂದೇ ಒಂದು ಫೋನು ಹೊಡೆದುಕೊಳ್ಳುತ್ತಿತ್ತು. ಅಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಎರಡನೆಯವನಿಗೆ ಎಂಗೇಜ್ ಸದ್ದು ಮಾತ್ರ. ಹೊಸ ವ್ಯವಸ್ಥೆಯಲ್ಲಿ ಎರಡೂ ಊರಿನ ಕರೆಗಳು ದಾವಣಗೆರೆಯ ಒಂದೇ ಕೋಣೆಗೆ ಬರಬೇಕು; ಒಂದು ಮೇಜು ಬಿಡುವಿಲ್ಲದಿದ್ದರೆ ಕರೆ ಪಕ್ಕದ ಮೇಜಿಗೆ ಹೋಗಬೇಕು; ಪ್ರತಿಯೊಂದು ಮಾತೂ ಕ್ಯಾಸೆಟ್ಟಿನಲ್ಲಿ ದಾಖಲಾಗಬೇಕು; ಹತ್ತಿರದ ಜೀಪಿಗೆ ಅಲ್ಲಿಂದಲೇ ವೈರ್‌ಲೆಸ್ಸಿನಲ್ಲಿ ಸುದ್ದಿ ಹೋಗಬೇಕು. ಆ ಯಂತ್ರವನ್ನು ಕೊಟ್ಟ ಖಾಸಗಿ ಕಂಪನಿಯ ಸೈಟ್ ಇಂಜಿನಿಯರ್ ನಾನು. ವಿದ್ಯಾನಗರದ ಹಾಸ್ಟೆಲಿನಲ್ಲಿ ನನಗೊಂದು ಮಂಚ, ಪಿ.ಜೆ. ಬಡಾವಣೆಯಲ್ಲಿ ಒಂದು ಕ್ಲಿನಿಕ್ಕಿನ ಮೇಲಿನ ಬಾಡಿಗೆ ಕೋಣೆಯಲ್ಲಿ ಕಂಪನಿಯ ಆಫೀಸು. ಆಫೀಸು ಎಂದರೆ ನಮ್ಮ ಮ್ಯಾನೇಜರ್, ಒಬ್ಬ ಟೆಕ್ನಿಷಿಯನ್ ಮತ್ತು ನಾನು.

ಬರುವ ಸೋಮವಾರ ಬೆಂಗಳೂರಿನಿಂದ ಪೊಲೀಸ್ ಇಲಾಖೆಯ ಅಧಿಕಾರಿಗಳು ಬಂದು ಯಂತ್ರವನ್ನು ಪರೀಕ್ಷಿಸಿ ಒಪ್ಪಿಕೊಳ್ಳುವುದಿತ್ತು. ಒಪ್ಪಿದರೆ ಬೇರೆ ಜಿಲ್ಲೆಗಳ ಕೆಲಸವೂ ನಮಗೆ. ಒಪ್ಪದಿದ್ದರೆ ನಮ್ಮಂಥ ಸಣ್ಣ ಕಂಪನಿ ಬಾಗಿಲು ಹಾಕಬೇಕಾದೀತು ಎಂದು ಮ್ಯಾನೇಜರ್ ಊಟಕ್ಕೆ ಕೂತಾಗಲೂ ನೆನಪಿಸುತ್ತಿದ್ದರು.

ಮೂಕ ಕರೆಗಳಿಗೆ ಅವರು ಕಂಡುಕೊಂಡ ಪರಿಹಾರ ಸರಳವಾಗಿತ್ತು. "ಎತ್ತಿದ ಮೇಲೆ ಕೆಲವು ಸೆಕೆಂಡು ಧ್ವನಿ ಬರದಿದ್ದರೆ ಯಂತ್ರವೇ ಲೈನ್ ಕಟ್ ಮಾಡಲಿ. ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಸೇರಿಸಿ ಸಾಕು."

"ಯಾಕೆ ಬರ್ತಿವೆ ಅಂತ ಗೊತ್ತಾಗದೆ ಕಟ್ ಮಾಡೋದು ಸರಿಯಲ್ಲ ಸಾರ್."

"ಹುಡುಗರ ಚೇಷ್ಟೆ. ಇನ್ನೇನು ಗೊತ್ತಾಗಬೇಕು ನಿಮಗೆ?"

ಶನಿವಾರದವರೆಗೆ ಸಮಯ ಕೇಳಿದೆ. ಕೊಟ್ಟರು, ಮುಖ ಸಿಂಡರಿಸಿಕೊಂಡು.

ಆ ದಿನಗಳಲ್ಲಿ ನಾನು ಮಾಡಿದ್ದೆಲ್ಲ ಕ್ರಮಬದ್ಧವಾಗಿಯೇ ಇತ್ತು. ಹರಿಹರದ ಕರೆ ಮೊದಲು ಅಲ್ಲಿಯ ಎಕ್ಸ್‌ಚೇಂಜಿಗೆ, ಅಲ್ಲಿಂದ ಎರಡು ಊರುಗಳ ನಡುವಿನ ಜಂಕ್ಷನ್ ಲೈನುಗಳ ಮೂಲಕ ದಾವಣಗೆರೆ ಎಕ್ಸ್‌ಚೇಂಜಿಗೆ, ಕೊನೆಗೆ ನಮ್ಮ ಯಂತ್ರಕ್ಕೆ ಬರುತ್ತದೆ. ನಮ್ಮ ತುದಿಯಿಂದ ಶುರುಮಾಡಿದೆ. ಹರಿಹರದ ಕರೆಗಳನ್ನು ತೆಗೆದುಕೊಳ್ಳುವ ಕಾರ್ಡನ್ನು ಬದಲಿಸಿದೆ. ಮೂಕ ಕರೆಗಳು ನಿಲ್ಲಲಿಲ್ಲ. ವಿದ್ಯುತ್ ಪೂರೈಕೆ, ಅರ್ಥಿಂಗ್, ಕೇಬಲಿನ ಪ್ರತಿಯೊಂದು ಜೋಡಿ ತಂತಿ ನೋಡಿದೆ. ಜಂಕ್ಷನ್ ಲೈನುಗಳನ್ನು ಒಂದೊಂದಾಗಿ ಹಿಡಿದು ಎರಡೂ ತುದಿಯಿಂದ ಮಾತಾಡಿಸಿದೆವು. ಎಲ್ಲದರಲ್ಲೂ ಮಾತು ಎದುರು ಕೂತು ಆಡಿದಷ್ಟು ಸ್ಪಷ್ಟ. ಹರಿಹರದ ಎಕ್ಸ್‌ಚೇಂಜು ಕರೆದವರ ನಂಬರನ್ನು ನಮಗೆ ಕಳಿಸುವಂಥದ್ದಲ್ಲ. ಹಾಗಾಗಿ ಮೂಕ ಕರೆ ಯಾರ ಮನೆಯಿಂದ, ಯಾವ ಅಂಗಡಿಯಿಂದ ಬಂತು ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಹಾಸ್ಟೆಲಿನಲ್ಲಿ ಯಾರಿಗೂ ಹೇಳಲಿಲ್ಲ. ಊಟದ ಸಾಲು ಮುಂದೆ ಸರಿದರೂ ನಾನು ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದನ್ನು ಅಲ್ಲೇ ಇದ್ದ ಒಬ್ಬ ಲೆಕ್ಚರರ್ ನೋಡಿ, "ಜ್ವರವಾ?" ಎಂದರು. ಹೌದು ಎಂದೆ.

ಗುರುವಾರ ಬೆಳಿಗ್ಗೆ ಹರಿಹರದ ಸೇತುವೆಯ ಈಚೆ ಒಂದು ಲಾರಿ ಸೈಕಲ್ಲಿಗೆ ಹೊಡೆಯಿತು. ಸೈಕಲ್ಲಿನಲ್ಲಿದ್ದವನು ಮೂಟೆ ಹೊರುವ ಹಮಾಲಿ, ಕೆಲಸಕ್ಕೆ ಹೊರಟಿದ್ದ. ಯಾರೋ ಓಡಿಹೋಗಿ ಹೇಳುವವರೆಗೆ ಪೊಲೀಸರಿಗೆ ಗೊತ್ತಾಗಲಿಲ್ಲ. ಅಷ್ಟು ಹೊತ್ತಿಗೆ ಜನ ಅವನನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ತಳ್ಳಿಕೊಂಡು ಹೋಗಿದ್ದರು. ಅವನು ಉಳಿಯಲಿಲ್ಲ.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಕಂಟ್ರೋಲ್ ರೂಮಿಗೆ ಬಂದರು. ಕೂರಲಿಲ್ಲ.

"ನೂರಕ್ಕೆ ಫೋನ್ ಮಾಡಿದ್ವಿ, ಒಂದಲ್ಲ, ಮೂರ್ ಸಲ ಅಂತ ಹರಿಹರದಾಗ ಜನ ಹೇಳ್ತಿದಾರೆ. ಯಾರ್ರಿ ಎತ್ತಿದ್ದು?"

ದಫೇದಾರರು ಎದ್ದು ನಿಂತರು. "ಹರಿಹರದ್ದು ಯಾವ ಕಂಪ್ಲೇಂಟೂ ಬಂದಿಲ್ಲ ಸಾರ್. ಬರೀ ಆ ಖಾಲಿ ಫೋನು ಬಂದಿದ್ವು."

"ಎಷ್ಟು?"

ದಫೇದಾರರು ನನ್ನ ಕಡೆ ನೋಡಿದರು. ನಾನು ಕ್ಯಾಸೆಟ್ ಹಾಕಿದೆ.

ಒಂದರ ಹಿಂದೊಂದು ಮೂರು ಕರೆ. ಮೂರರಲ್ಲೂ ದಫೇದಾರರ ದನಿ ಮಾತ್ರ. ಮೊದಲನೆಯದರಲ್ಲಿ, "ಹಲೋ, ಹಲೋ, ಯಾರ್ರಿ?" ಎರಡನೆಯದರಲ್ಲಿ, "ಯಾವನಲೇ ಅವ, ಮಾಡಕ್ಕೆ ಕೆಲಸ ಇಲ್ಲೇನಲೇ?" ಮೂರನೆಯದರಲ್ಲಿ, "ಇನ್ನೊಂದ್ ಸಲ ಮಾಡಿದ್ರೆ ಮನೆಗೇ ಬಂದು ಒದೀತೀನಿ ನೋಡು." ಆಮೇಲೆ ರಿಸೀವರ್ ಕುಕ್ಕಿದ ಸದ್ದು.

ದಫೇದಾರರು ತಮ್ಮ ದನಿಯನ್ನು ತಾವೇ ನಿಂತು ಕೇಳಿದರು. ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಂಡು ಹೊರಟುಹೋದರು. ಬೈದಿದ್ದರೆ ಆ ಕೋಣೆಯಲ್ಲಿ ಉಸಿರಾಡುವುದು ಸ್ವಲ್ಪ ಸುಲಭವಾಗುತ್ತಿತ್ತು.

ನಾನು ಹೆಡ್‌ಫೋನ್ ಹಾಕಿಕೊಂಡು ಆ ಮೂರು ಕರೆಗಳನ್ನು ಮತ್ತೆ ಮತ್ತೆ ಕೇಳಿದೆ. ಕೇಳಲು ಏನೂ ಇರಲಿಲ್ಲ, ಆದರೂ ಕೇಳಿದೆ. ಹೋಲಿಸಿ ನೋಡಲೆಂದು ದಾವಣಗೆರೆಯಿಂದಲೇ ಬಂದ ನಿಜವಾದ ಚೇಷ್ಟೆಯ ಕರೆಗಳನ್ನೂ ಹಾಕಿದೆ. ಅವುಗಳಲ್ಲಿ ಮಾತಿಲ್ಲದಿದ್ದರೂ ಉಸಿರಿತ್ತು, ತಡೆದ ನಗುವಿತ್ತು, ಹಿಂದೆ ಆಟೋ ಹೋಗುವ ಸದ್ದಿತ್ತು. ಹರಿಹರದ ಕರೆಗಳಲ್ಲಿ ಅದ್ಯಾವುದೂ ಇಲ್ಲ. ರಸ್ತೆಯಿಲ್ಲ, ಉಸಿರಿಲ್ಲ. ಬೆಳಗಿನ ಹೊತ್ತು ಸೇತುವೆಯ ಬಳಿ ಅಷ್ಟು ಜನ ಸೇರಿ ಕೂಗುತ್ತಿರುವಾಗ ಯಾವ ಫೋನೂ ಇಷ್ಟು ನಿಶ್ಶಬ್ದವಾಗಿರಲು ಸಾಧ್ಯವಿಲ್ಲ. ಲೈನು ಜೀವಂತವಾಗಿತ್ತು, ಆದರೆ ಮಾತಾಡುವ ಭಾಗ ಅದಕ್ಕೆ ಸೇರಿಕೊಂಡೇ ಇರಲಿಲ್ಲ.

ಯಾವ ಫೋನಿನಲ್ಲಿ ಹಾಗಾಗುತ್ತದೆ? ಉತ್ತರ ಹೊಳೆದಾಗ ನನಗೆ ಸಮಾಧಾನವಾಗಲಿಲ್ಲ.

ಆಗ ಅಂಗಡಿಗಳ ಮುಂದೆ ಇರುತ್ತಿದ್ದ ಒಂದು ರೂಪಾಯಿಯ ಕಾಯಿನ್ ಬಾಕ್ಸ್ ಬಹಳ ಜನರಿಗೆ ನೆನಪಿರಬಹುದು. ನಂಬರ್ ಒತ್ತಬೇಕು, ಆ ಕಡೆಯವರು ಎತ್ತಿದ ಮೇಲೆ ನಾಣ್ಯ ಹಾಕಬೇಕು. ಆ ಕಡೆ ಎತ್ತಿದ ಕೂಡಲೇ ಎಕ್ಸ್‌ಚೇಂಜು ಈ ತಂತಿಯ ಧ್ರುವಗಳನ್ನು ಅದಲುಬದಲು ಮಾಡುತ್ತದೆ. ಪೆಟ್ಟಿಗೆಗೆ ಅದೇ ಸೂಚನೆ: ಕರೆಗೆ ಶುಲ್ಕ ಶುರುವಾಯಿತು. ಪೆಟ್ಟಿಗೆ ಆಗ ಪೀಂ ಎಂದು ಸದ್ದು ಮಾಡಿ, ಮಾತಾಡುವ ಭಾಗವನ್ನು ಮುಚ್ಚಿ ನಾಣ್ಯಕ್ಕಾಗಿ ಕಾಯುತ್ತದೆ. ಕೇಳುವ ಭಾಗ ಮಾತ್ರ ತೆರೆದೇ ಇರುತ್ತದೆ. ಪುಕ್ಕಟೆ ಕರೆಗಳಿಗೆ ಈ ಅದಲುಬದಲು ಆಗಬಾರದು. ಹಳೆಯ ದಾರಿಯಲ್ಲಿ 100 ಸ್ಟೇಷನ್ನಿಗೆ ನೇರ ಹೋಗುತ್ತಿದ್ದಾಗ ಆಗುತ್ತಿರಲಿಲ್ಲ. ಹೊಸ ದಾರಿಯನ್ನು ನಮ್ಮ ಕಂಪನಿ ಸಾಮಾನ್ಯ ಕರೆಯ ದಾರಿಯೆಂದೇ ಕೇಳಿ ಪಡೆದಿತ್ತು; ಹಾಗಾಗಿ ಪೆಟ್ಟಿಗೆ 100ಕ್ಕೂ ನಾಣ್ಯ ಕೇಳತೊಡಗಿತ್ತು.

ಹಾಗಾದರೆ ನಮ್ಮ ಪರೀಕ್ಷೆಯಲ್ಲಿ ಈ ತಪ್ಪು ಯಾಕೆ ಸಿಕ್ಕಿಬೀಳಲಿಲ್ಲ? ಟೆಕ್ನಿಷಿಯನ್ನನ್ನು ಕೇಳಿದೆ.

"ಹರಿಹರದ ಕಾಯಿನ್ ಬಾಕ್ಸಿಂದ ಟೆಸ್ಟ್ ಮಾಡಿದ್ರಲ್ಲ, ಕಾಯಿನ್ ಹಾಕಿದ್ರಾ?"

"ಹಾಕದೆ ಹೆಂಗೆ ಮೇಡಂ? ಪೀಂ ಅಂತು, ಹಾಕಿದೆ. ಎಲ್ಲಾ ಕಡೆ ಹಂಗೇ ಅಲ್ಲೇನ್ರಿ?"

ಅವನು ಪಟ್ಟಣದ ಫೋನುಗಳ ನಡುವೆ ಬೆಳೆದವನು. ಪೀಂ ಎಂದರೆ ಅವನ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಹರಿಹರಕ್ಕೆ ಹೋದೆ. ಸೇತುವೆಗೆ ಹತ್ತಿರದ ಕಾಯಿನ್ ಬಾಕ್ಸು ಒಂದು ಸೈಕಲ್ ಶಾಪಿನ ಮುಂದಿತ್ತು. ಬಿಳಿ ಟೋಪಿಯ, ಐವತ್ತರ ಆಸುಪಾಸಿನ ಯಜಮಾನ ಒಂದು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದರು. ಫೋನ್ ಮಾಡುತ್ತೇನೆ ಎಂದೆ. ತಲೆಯಾಡಿಸಿದರು.

100 ಒತ್ತಿದೆ. ದಾವಣಗೆರೆಯಲ್ಲಿ ಗಂಟೆ ಬಡಿಯಿತು. ಎತ್ತಿದರು. ಪೀಂ ಎಂಬ ಸದ್ದು.

"ಹಲೋ, ಕಂಟ್ರೋಲ್ ರೂಮ್."

"ದಫೇದಾರ್ರೇ, ನಾನು," ಎಂದೆ.

"ಹಲೋ?"

"ನಾನು ಮಾತಾಡ್ತಿರೋದು. ಹರಿಹರದಿಂದ."

"ಹಲೋ... ಹಲೋ..." ಒಂದು ಕ್ಷಣ ಬಿಟ್ಟು, ದಣಿದ ದನಿಯಲ್ಲಿ, "ಯಾಕ್ರಪ್ಪಾ ಹಿಂಗೆ ಜೀವ ತಿಂತೀರಿ?"

ಲೈನು ಕಡಿಯಿತು. ನಾನು ದಿನವೂ ಜೊತೆಗೆ ಚಹಾ ಕುಡಿಯುವ ಮನುಷ್ಯ. ಕಿವಿಯ ಪಕ್ಕದಲ್ಲೇ ಇದ್ದಷ್ಟು ಹತ್ತಿರ ಅವರ ದನಿ. ನಾನು ಮಾತ್ರ ಅವರಿಗೆ ಎಲ್ಲಿಯೂ ಇರಲಿಲ್ಲ.

ಮತ್ತೆ ಒತ್ತಿದೆ. ಪೀಂ ಎಂದ ಕೂಡಲೇ ಪರ್ಸಿನಿಂದ ರೂಪಾಯಿ ತೆಗೆದು ಹಾಕಲು ಹೋದೆ.

"ಅಕ್ಕಾರೆ, ನೂರಕ್ಕೆ ಯಾಕ ಕಾಯಿನ್ ಹಾಕ್ತೀರಿ?" ಎಂದು ಸೈಕಲ್ ಶಾಪಿನವರು ಕೂಗಿದರು. "ಬ್ಯಾಡ. ಪೊಲೀಸ್‌ಗೆ ಫ್ರೀ ಐತೆ. ನೋಡ್ರಿ, ಬರೆಸೀನಿ."

ಪೆಟ್ಟಿಗೆಯ ಮೇಲಿನ ತಗಡಿನ ಮೇಲೆ ಕೆಂಪು ಪೇಂಟಿನಲ್ಲಿ ಬರೆದಿತ್ತು: ನೂರಕ್ಕೆ ಕಾಯಿನ್ ಬ್ಯಾಡ.

ನಾನು ನಾಣ್ಯ ಹಾಕಿದೆ. "ದಫೇದಾರ್ರೇ, ನಾನು. ಇಡಬೇಡಿ. ಈಗ ಕೇಳಿಸ್ತಿದೆಯಾ?"

"ಮೇಡಂ? ಕೇಳಿಸ್ತೈತೆ. ಈಗ ಖಾಲಿ ಫೋನ್ ಮಾಡಿದ್ದು ನೀವಾ?"

"ನಾನೇ. ಬಂದು ಹೇಳ್ತೀನಿ."

ಸೈಕಲ್ ಶಾಪಿನವರು ಕೈ ಒರೆಸಿಕೊಂಡು ಹತ್ತಿರ ಬಂದಿದ್ದರು. ನಾನು ಯಾರೆಂದು ಹೇಳಿದೆ. ಅವರು ಒಂದು ಸ್ಟೂಲು ಎಳೆದು, "ಕೂಡ್ರಿ," ಎಂದರು. ತಾವು ನಿಂತೇ ಇದ್ದರು.

"ನಿನ್ನೆ ಫೋನ್ ಮಾಡಿದ್ದು ನೀವಾ ಸಾಹೇಬ್ರೇ?"

"ನಾನೇ. ಅವ ದಿನಾ ಇಲ್ಲೇ ಗಾಳಿ ಹಾಕಿಸ್ತಿದ್ದ. ಹಿಂದಿನ ಚಕ್ರ ಒಂದಿನಾನೂ ನೆಟ್ಟಗೆ ಇರ್ತಿರಲಿಲ್ಲ ಅವಂದು. ಟೈರ್ ಬದಲಿಸೋ ಮಾರಾಯ ಅಂದ್ರೆ, ಸಾಯೋವರ್ಗೂ ಇದರಾಗೇ ಓಡಿಸ್ತೀನಿ ಅಂತಿದ್ದ." ಫೋನಿನ ಕಡೆ ಕೈ ತೋರಿಸಿದರು. "ಆ ಕಡೆಯವ್ರು ಮಾತಾಡಿದ್ದು ನಂಗೆ ಚೆಂದಾಗಿ ಕೇಳಿಸ್ತಿತ್ತು. ನಾ ಕೂಗಿದ್ದು ಅವರಿಗೆ ಹೋಗವಲ್ದು. ಮೂರನೇ ಸಲ, ಮನೆಗೇ ಬಂದು ಒದೀತೀನಿ ಅಂದ್ರು. ಬರ್ರಿ ಅಂದೆ ಅಕ್ಕಾರೆ. ಒದಿಯಕ್ಕಾದ್ರೂ ಬರ್ರಿ ಸಾಹೇಬ್ರ, ಜಲ್ದಿ ಬರ್ರಿ ಅಂತ ಒದರಿದೆ."

ಒಂದು ರೂಪಾಯಿ ಹಾಕಿದ್ದರೆ ಕೇಳಿಸುತ್ತಿತ್ತು ಎಂಬುದನ್ನು ಹೇಳದೆ ಎದ್ದುಬರಬಹುದಿತ್ತು. ಆದರೆ ಅವರೇ ಕೇಳಿದರು.

"ಕಾಯಿನ್ ಹಾಕಿದ ಮ್ಯಾಲೆ ನೀವು ಮಾತಾಡಿದ್ರಿ. ಅಂದ್ರೆ ಅದು ಕಾಯಿನ್ ಕೇಳ್ತಿತ್ತಾ?"

"ಹೊಸ ಲೈನು ಕೇಳುತ್ತೆ. ಕೇಳಬಾರದಿತ್ತು. ತಪ್ಪು ನಮ್ಮ ಕಡೆಯದು, ನಿಮ್ಮದಲ್ಲ."

ಅವರು ಅಂಗಡಿಯೊಳಗಿನ ಗಲ್ಲಾಪೆಟ್ಟಿಗೆಯ ಕಡೆ ತಿರುಗಿ ನೋಡಿದರು. "ಗಲ್ಲಾದ ತುಂಬ ಕಾಯಿನ್ ಇದ್ವು," ಎಂದರು. ಆಮೇಲೆ ಬಾಣಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಟ್ಯೂಬನ್ನು ಮತ್ತೆ ನೀರಿಗೆ ಅದ್ದಿದರು. ಗುಳ್ಳೆ ಬರುತ್ತಿದ್ದರೂ ಅದನ್ನು ನೋಡುತ್ತಿರಲಿಲ್ಲ.

ಅಲ್ಲಿಂದ ನೇರವಾಗಿ ಹರಿಹರದ ಎಕ್ಸ್‌ಚೇಂಜಿಗೆ ಹೋದೆ. ಅಲ್ಲಿಯ ಅಧಿಕಾರಿ ನಾನು ಹೇಳಿದ್ದನ್ನು ಪೂರ್ತಿ ಕೇಳಿ, ತಾವೇ ಒಮ್ಮೆ ಪರೀಕ್ಷಿಸಿ, ಹಣೆ ಉಜ್ಜಿಕೊಂಡರು. ಹೊಸ ದಾರಿಯನ್ನು ಪುಕ್ಕಟೆ ಕರೆಯ ದಾರಿಯಾಗಿ ಬದಲಿಸಲು ಮೇಲಿನ ಕಚೇರಿಯ ಅನುಮತಿ ಬೇಕು, ಎರಡೂ ಎಕ್ಸ್‌ಚೇಂಜುಗಳಲ್ಲಿ ಬದಲಾವಣೆಯಾಗಬೇಕು, ವಾರಗಳೇ ಹಿಡಿಯಬಹುದು ಎಂದರು.

"ಅಲ್ಲಿವರೆಗೆ?"

"ಅಲ್ಲಿವರೆಗೆ ಏನು ಮಾಡಕ್ಕಾಗ್ತದೆ ಮೇಡಂ? ಹಳೇ ತಂತಿ ಹಂಗೇ ಐತೆ, ತೆಗೆದಿಲ್ಲ. ಮತ್ತೆ ಸ್ಟೇಷನ್ನಿಗೆ ಜೋಡಿಸಿದ್ರೆ ಇವತ್ತೇ ಮೊದಲಿನಂಗೆ ಆಗ್ತದೆ. ಆದ್ರೆ ನಿಮ್ಮ ಸಿಸ್ಟಮಿನಿಂದ ಹರಿಹರ ಹೊರಗೆ ಬೀಳ್ತದೆ. ಅದಕ್ಕೆ ನಿಮ್ಮ ಕಂಪನಿಯವರೇ ಬರೆದು ಕೊಡಬೇಕು."

ಅವರ ಟೇಬಲ್ಲಿನ ಫೋನಿನಿಂದಲೇ ಮ್ಯಾನೇಜರಿಗೆ ಮಾತಾಡಿದೆ. ಅವರು ಸಿಟ್ಟಾಗಲಿಲ್ಲ. ಅದೇ ಕಷ್ಟವಾಯಿತು.

"ಸೋಮವಾರ ಮುಗಿಯಲಿ," ಎಂದರು. "ಅಧಿಕಾರಿಗಳು ಆಫೀಸ್ ಫೋನಿಂದಲೇ ಟೆಸ್ಟ್ ಮಾಡೋದು. ಅಲ್ಲಿವರೆಗೆ ಎಲ್ಲಾ ಕಾಯಿನ್ ಬಾಕ್ಸಿಗೂ ಒಂದು ಚೀಟಿ ಅಂಟಿಸಿಬಿಡಿ, 100ಕ್ಕೂ ನಾಣ್ಯ ಹಾಕಿ ಅಂತ. ಮೂರು ದಿನ ತಾನೆ?"

ಅದು ಅಸಂಬದ್ಧ ಸಲಹೆಯಲ್ಲ. ಕೆಲವು ನಿಮಿಷ ಅದನ್ನೇ ಯೋಚಿಸಿದೆ. ಎಷ್ಟು ಅಂಗಡಿ, ಎಷ್ಟು ಚೀಟಿ ಎಂದು ಲೆಕ್ಕ ಹಾಕತೊಡಗಿದ್ದೆ ಕೂಡ. ಆ ಕೆಂಪು ಪೇಂಟಿನ ಮೇಲೆ ನಾನು ಚೀಟಿ ಅಂಟಿಸುತ್ತಿರುವುದು ಕಣ್ಣಿಗೆ ಕಟ್ಟಿತು. ಅಂಟಿಸಿದರೂ, ವರ್ಷಗಳಿಂದ ಬಾಯಿಂದ ಬಾಯಿಗೆ ಹೋದ ಮಾತನ್ನು ಮೂರು ದಿನದ ಕಾಗದ ಅಳಿಸುವುದಿಲ್ಲ. ಸುತ್ತಲಿನ ಹಳ್ಳಿಗಳಿಂದ ಬರುವ, ಓದು ಬಾರದವರ ಕೈಗೂ ಸಿಗುವ ಫೋನು ಅದು.

ಕಂಟ್ರೋಲ್ ರೂಮಿಗೆ ಫೋನ್ ಮಾಡಿ ದಫೇದಾರರಿಗೆ ಕಾರಣ ಹೇಳಿದೆ. ಮ್ಯಾನೇಜರ್ ಹೇಳಿದ ಚೀಟಿಯ ಮಾತನ್ನೂ ಹೇಳಿದೆ.

"ರಕ್ತ ಸೋರ್ತಿರೋನ್ನ ಬಿಟ್ಟು ಚೀಟಿ ಓದಿಕೋತ ನಿಲ್ತಾನೇನ್ರಿ ಯಾರಾದ್ರೂ?" ಎಂದರು. ಆಮೇಲೆ ದನಿ ತಗ್ಗಿಸಿದರು. "ಮೇಡಂ, ನಾ ಬೈದಿದ್ದು ಅವರಿಗೆ ಕೇಳಿಸಿತ್ತಾ?"

"ಕೇಳಿಸಿತ್ತು."

"ಎಲ್ಲಾನೂ?"

"ಎಲ್ಲಾ."

ಎಕ್ಸ್‌ಚೇಂಜಿನವರು ಕೊಟ್ಟ ಬಿಳಿಹಾಳೆಯ ಮೇಲೆ, ಹರಿಹರದ 100 ಅನ್ನು ಈ ಕೂಡಲೇ ಮೊದಲಿನಂತೆ ಸ್ಟೇಷನ್ನಿಗೆ ಜೋಡಿಸಬೇಕೆಂದು ಕಂಪನಿಯ ಪರವಾಗಿ ಬರೆದೆ. ಹಾಗೆ ಬರೆಯುವ ಅಧಿಕಾರ ನನಗಿರಲಿಲ್ಲ. ಸಹಿಯ ಕೆಳಗೆ ಸೈಟ್ ಇಂಜಿನಿಯರ್ ಎಂದೇ ಹಾಕಿದೆ. ಅಧಿಕಾರಿ ಓದಿ, ನನ್ನ ಮುಖ ನೋಡಿ, "ಯೋಚನೆ ಮಾಡೀರಾ?" ಎಂದರು. ಮಾಡಿದ್ದೇನೆ ಎಂದೆ. ಮಾಡಿರಲಿಲ್ಲ. ಯೋಚಿಸಲು ಕೂತರೆ ಸೋಮವಾರದವರೆಗೂ ಯೋಚಿಸುತ್ತಿದ್ದೆನೇನೋ.

ಸಂಜೆಯೊಳಗೆ ತಂತಿ ಜೋಡಿಸಿದರು. ಬಸ್ ಸ್ಟ್ಯಾಂಡಿನ ಇನ್ನೊಂದು ಕಾಯಿನ್ ಬಾಕ್ಸಿನಿಂದ ನಾಣ್ಯವಿಲ್ಲದೆ 100 ಒತ್ತಿದೆ. ಪೀಂ ಸದ್ದಿಲ್ಲ. "ಹರಿಹರ ಸ್ಟೇಷನ್, ಹೇಳ್ರಿ," ಎಂಬ ದನಿ ಬಂತು. ಟೆಸ್ಟಿಂಗ್ ಎಂದು ಹೇಳಿ ಇಟ್ಟೆ. ಮತ್ತೆ ಒಂದೇ ಫೋನು, ಒಂದೇ ಮೇಜು, ಎರಡನೆಯವನಿಗೆ ಎಂಗೇಜ್. ತಿಂಗಳುಗಳ ನಮ್ಮ ಕೆಲಸ ಮೊದಲಿದ್ದ ಜಾಗಕ್ಕೇ ಬಂದು ನಿಂತಿತ್ತು.

ಸೋಮವಾರ ಯಂತ್ರವನ್ನು ಒಪ್ಪಿಕೊಳ್ಳಲಿಲ್ಲ. ಎರಡು ಊರಿನ ವ್ಯವಸ್ಥೆಯಲ್ಲಿ ಒಂದು ಊರೇ ಇಲ್ಲದಿದ್ದರೆ ಹೇಗೆ ಒಪ್ಪುತ್ತಾರೆ? ಮ್ಯಾನೇಜರ್ ಎಲ್ಲರ ಎದುರು ನನ್ನ ಹೆಸರು ಹೇಳಲಿಲ್ಲ, ಆದರೆ ಆ ದಿನದಿಂದ ನನ್ನೊಡನೆ ಮಾತಾಡಲೂ ಇಲ್ಲ. ನನ್ನನ್ನು ಬೆಂಗಳೂರಿಗೆ ಕರೆಸಿ, ಬೇರೆಯವರ ರಿಪೋರ್ಟುಗಳನ್ನು ಟೈಪ್ ಮಾಡುವ ಮೇಜಿನ ಮುಂದೆ ಕೂರಿಸಿದರು. ಮನೆಯಲ್ಲಿ ಕೆಲಸ ಹೇಗಿದೆ ಎಂದು ಕೇಳಿದಾಗ ಪರವಾಗಿಲ್ಲ ಎನ್ನುತ್ತಿದ್ದೆ. ರಸ್ತೆಯಲ್ಲಿ ಯಾರಾದರೂ ಕಾಯಿನ್ ಬಾಕ್ಸಿನ ಮುಂದೆ ನಿಂತು "ಹಲೋ, ಹಲೋ" ಎನ್ನುತ್ತಿದ್ದರೆ ಅವರ ಕೈಯಲ್ಲಿ ನಾಣ್ಯವಿದೆಯೇ ಎಂದು ನೋಡದೆ ಮುಂದೆ ಹೋಗಲು ಆಗುತ್ತಿರಲಿಲ್ಲ.

ಅನುಮತಿ ಕೊನೆಗೂ ಬಂತು. ಹರಿಹರದ ಭಾಗವನ್ನು ಬಲ್ಲವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ನನ್ನನ್ನೇ ಮತ್ತೆ ಕಳಿಸಿದರು. ಎರಡೂ ಎಕ್ಸ್‌ಚೇಂಜುಗಳಲ್ಲಿ ಬದಲಾವಣೆ ಮುಗಿದು ಹರಿಹರ ಮತ್ತೆ ದಾವಣಗೆರೆಯ ಕೋಣೆಗೆ ಸೇರಿದ ದಿನ, ಪರೀಕ್ಷೆಯ ಕೊನೆಯ ಕರೆಗೆಂದು ಸೈಕಲ್ ಶಾಪಿಗೆ ಹೋದೆ. ಕೆಂಪು ಅಕ್ಷರಗಳ ಮೇಲೆ ಯಾರೋ ಸುಣ್ಣ ಬಳಿದಿದ್ದರು.

"ನಾನೇ ಬಳಿದೆ," ಎಂದರು ಯಜಮಾನರು. "ನನ್ನ ಮಾತು ನಂಬಿ ಇನ್ನೊಬ್ಬ ಕೆಡೋದು ಬ್ಯಾಡ ಅಂತ."

"ಈಗ ನಿಜವಾಗಿಯೂ ಬೇಡ ಸಾಹೇಬ್ರೇ. ನೀವೇ ಮಾಡಿ ನೋಡಿ."

ಅವರು ಬೇಗ ಒಪ್ಪಲಿಲ್ಲ. ಕೈ ತೊಳೆದು, ಒರೆಸಿ, ರಿಸೀವರ್ ಎತ್ತಿ, ಮೂರು ಅಂಕಿ ಒತ್ತಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಕಡೆಯ ದನಿ ನನಗೂ ಕೇಳುತ್ತಿತ್ತು. ಪೀಂ ಸದ್ದು ಬರಲಿಲ್ಲ.

"ಹಲೋ, ಕಂಟ್ರೋಲ್ ರೂಮ್."

ಅದೇ ದಫೇದಾರರು. ಇವರಿಗೆ ಆ ದನಿಯ ಗುರುತು ಹತ್ತಿತೆಂದು ಕಾಣುತ್ತದೆ. ಬಾಯಿ ತೆರೆದರು, ಮಾತು ಹೊರಡಲಿಲ್ಲ.

"ಹಲೋ? ಕೇಳಿಸ್ತಿಲ್ರಿ," ಎಂದರು ದಫೇದಾರರು. ಬೈಗುಳ ಬರುತ್ತದೆಂದು ನಾನು ಮೈ ಬಿಗಿಹಿಡಿದೆ. "ಇಡಬ್ಯಾಡ್ರಿ. ನಾನು ಇಲ್ಲೇ ಇರ್ತೀನಿ. ನಿಧಾನಕ್ಕೆ ಹೇಳ್ರಿ."

"ಅದೀನ್ರಿ," ಎಂದರು ಇವರು.

"ಹಾಂ, ಕೇಳಿಸ್ತು. ಏನಾಗೈತ್ರಿ?"

ಯಜಮಾನರು ಸೇತುವೆಯ ಕಡೆ ನೋಡಿದರು. "ಈಗ ಏನೂ ಆಗಿಲ್ರಿ ಸಾಹೇಬ್ರ," ಎಂದರು.

ಆ ಕಡೆ ದಫೇದಾರರು ಫೋನ್ ಇಡಲಿಲ್ಲ. ಇವರೂ ರಿಸೀವರ್ ಇಡಲಿಲ್ಲ. ಒಂದು ಬಸ್ಸು ಉದ್ದಕ್ಕೆ ಹಾರನ್ ಮಾಡುತ್ತಾ ಹೋಯಿತು. ಆ ಸದ್ದು ದಾವಣಗೆರೆಯಲ್ಲೂ ಕೇಳುತ್ತಿರಬೇಕು ಎಂದುಕೊಂಡೆ. ನಾನು ಪರೀಕ್ಷೆಯ ಹಾಳೆ ಹಿಡಿದುಕೊಂಡು, ಇಬ್ಬರಲ್ಲಿ ಯಾರಾದರೊಬ್ಬರು ಫೋನ್ ಇಡಲಿ ಎಂದು ಕಾಯುತ್ತ ನಿಂತೆ.